ಮನೆಯಲ್ಲಿ ಸರಿ, ಛತ್ರದಲ್ಲಿ ಚಿಟಚಿಟ: ಒಂದು ಡೀಜೆ ಲ್ಯಾಪ್‌ಟಾಪ್‌ನ ಪ್ರಕರಣ

ಏಪ್ರಿಲ್ ಮೊದಲ ವಾರ ಹರಿಹರದ ಒಬ್ಬ ಡೀಜೆ ಹುಡುಗ ನನ್ನ ಅಂಗಡಿಗೆ ಬಂದ. ನನ್ನದು ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ. ಅವನ ಅಪ್ಪನದು ಶಾಮಿಯಾನ, ಸೌಂಡ್, ಲೈಟಿಂಗ್ ಕೆಲಸ. ರಿಸೆಪ್ಷನ್‌ಗಳಿಗೆ ಅಪ್ಪ ಸಾಮಾನು ಹಾಕಿದರೆ ಮಗ ಹಾಡು ಹಾಕುತ್ತಾನೆ. ಲ್ಯಾಪ್‌ಟಾಪ್ ಟೇಬಲ್ ಮೇಲಿಟ್ಟು ಅವನು ಆಡಿದ ಮೊದಲ ಮಾತು ಇದು: "ಅಣ್ಣ, ಮನೇಲಿ ಒಂದು ದಿನಾನೂ ಆಗಲ್ಲ. ಛತ್ರಕ್ಕೆ ಹೋದ್ರೆ ಮಾತ್ರ ಆಗುತ್ತೆ."

ಏನಾಗುತ್ತೆ ಅಂತ ಕೇಳಿದೆ. ಶುರುವಿನಲ್ಲಿ ಒಂದು ಗಂಟೆ ಎಲ್ಲ ಚೆನ್ನಾಗಿರುತ್ತದಂತೆ. ಆಮೇಲೆ ಹಾಡಿನ ನಡುವೆ ಚಿಟಚಿಟ ಸದ್ದು. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಮೊದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ಪದೇಪದೇ. ಹಿಂದಿನ ವಾರ ಒಂದು ಕಡೆ ಹಾಡು ಅರ್ಧ ಸೆಕೆಂಡ್ ಪೂರ್ತಿ ನಿಂತು ಮತ್ತೆ ಹತ್ತಿಕೊಂಡಿತ್ತು. ಕುಣಿಯುತ್ತಿದ್ದವರೆಲ್ಲ ನಿಂತು ಇವನ ಕಡೆ ತಿರುಗಿ ನೋಡಿದರು. ಆ ಕ್ಷಣವನ್ನು ಹೇಳುವಾಗ ಅವನ ಮುಖ ಸಣ್ಣದಾಯಿತು. ಡೀಜೆಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಸಮಯವೂ ಅವನ ಕೈಯಲ್ಲಿ ಇರುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಏಳೂವರೆಗೆ ಶುರುವಾದರೆ ಕುಣಿತ ಏರುವುದು ಎಂಟೂವರೆಗೆ. ಲ್ಯಾಪ್‌ಟಾಪ್ ಕೈಕೊಡುತ್ತಿದ್ದದ್ದೂ ಸರಿಯಾಗಿ ಆ ಹೊತ್ತಿಗೇ. ಇದನ್ನು ಅವನು ಸುಮ್ನೆ ಮಾತಿನ ನಡುವೆ ಹೇಳಿದ. ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡೆ: "ಒಂದು ಗಂಟೆ ಆದ ಮೇಲೆ". ಆ ನಾಲ್ಕು ಪದ ಮುಂದೆ ತುಂಬಾ ಉಪಯೋಗಕ್ಕೆ ಬಂದವು.

ಲ್ಯಾಪ್‌ಟಾಪ್ ಕೆಟ್ಟದ್ದೇನಲ್ಲ. ಮೂರು ವರ್ಷ ಹಳೆಯದು, ಐ5 ಪ್ರೊಸೆಸರ್, ಎಸ್‌ಎಸ್‌ಡಿ, ವಿಂಡೋಸ್ 11. ಜೊತೆಗೆ ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಎರಡು ಚಾನಲ್‌ನ ಕಂಟ್ರೋಲರ್, ಅಂದರೆ ಡೀಜೆ ಕೈಯಾಡಿಸುವ ಚಕ್ರ, ಗುಂಡಿಗಳ ಪೆಟ್ಟಿಗೆ. ಸೌಂಡ್ ಕಾರ್ಡ್ ಅದರೊಳಗೇ ಇದೆ. ನನ್ನ ಹತ್ತಿರ ಬರುವ ಹೊತ್ತಿಗೆ ಅವನು ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದ್ದ. ರ‍್ಯಾಮ್ 8 ಜಿಬಿಯಿಂದ 16 ಜಿಬಿ ಮಾಡಿಸಿದ್ದ. ಯುಎಸ್‌ಬಿ ಕೇಬಲ್ ಬದಲಿಸಿದ್ದ. ವಿಡಿಯೊ ನೋಡಿ ಲ್ಯಾಪ್‌ಟಾಪ್ ವೇಗ ಹೆಚ್ಚಿಸುತ್ತೇನೆ ಅನ್ನುವ ಒಂದು ಪುಕ್ಕಟೆ ಬೂಸ್ಟರ್ ಸಾಫ್ಟ್‌ವೇರ್ ಕೂಡ ಹಾಕಿಕೊಂಡಿದ್ದ. ಚಿಟಚಿಟ ಮಾತ್ರ ಹೋಗಿರಲಿಲ್ಲ.

ವೇಗ ಬೇರೆ, ಹೊತ್ತಿಗೆ ಸರಿಯಾಗಿ ಬರುವುದು ಬೇರೆ

ಅವನು ಕೇಳಿದ ಒಂದು ಪ್ರಶ್ನೆ ಸರಿಯಾಗಿತ್ತು. "ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 30 ಪರ್ಸೆಂಟ್ ಅಂತ ತೋರಿಸ್ತಿರುತ್ತೆ ಅಣ್ಣ. ಮತ್ತೆ ಯಾಕೆ ಸಿಕ್ಕಾಕೊಳ್ಳುತ್ತೆ?"

ಇದಕ್ಕೆ ಉತ್ತರ ಗೊತ್ತಾದರೆ ಮುಂದಿನದೆಲ್ಲ ಸುಲಭ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾಡು ಕಂಪ್ಯೂಟರ್‌ನಿಂದ ನೀರಿನ ಧಾರೆಯ ಹಾಗೆ ಹೊರಗೆ ಬರುವುದಿಲ್ಲ. ಸಣ್ಣ ಸಣ್ಣ ತುತ್ತುಗಳಲ್ಲಿ ಬರುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡ್ ಹಾಡಿನಲ್ಲಿ 44,100 ಸ್ಯಾಂಪಲ್, ಅಂದರೆ ಸದ್ದಿನ ಚೂರು ಅಳತೆಗಳು, ಇರುತ್ತವೆ. ಡೀಜೆ ಸಾಫ್ಟ್‌ವೇರ್ ಅವನ್ನು ಇಷ್ಟಿಷ್ಟು ಅಂತ ಒಟ್ಟುಮಾಡಿ ಸೌಂಡ್ ಕಾರ್ಡಿಗೆ ಕೊಡುತ್ತದೆ. ಆ ಗಂಟಿಗೆ ಬಫರ್ ಅಂತ ಹೆಸರು. ಈ ಹುಡುಗ ಬಫರ್ ಅನ್ನು 256 ಸ್ಯಾಂಪಲ್‌ಗೆ ಇಟ್ಟಿದ್ದ. ಅಂದರೆ ಒಂದು ಬಫರ್ ಖಾಲಿಯಾಗಲು 5.8 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಮುಂದಿನದು ತಯಾರಾಗಿರಬೇಕು. ಒಂದು ಸೆಕೆಂಡಿನಲ್ಲಿ ಹೀಗೆ 172 ಸಲ.

ಪಂಕ್ತಿ ಊಟ ನೆನಪಿಸಿಕೊಳ್ಳಿ. ಎಲೆಯಲ್ಲಿ ಅನ್ನ ಮುಗಿಯುವ ಮೊದಲು ಬಡಿಸುವವನು ಬಂದರೆ ಊಟ ಸಾಗುತ್ತದೆ. ಅವನು ಸಂಜೆಯೆಲ್ಲ ಎಷ್ಟೇ ಚುರುಕಾಗಿ ಓಡಾಡಿರಲಿ, ನಿಮ್ಮ ಎಲೆ ಖಾಲಿಯಾದ ಹೊತ್ತಲ್ಲಿ ಅಡುಗೆಮನೆಯಲ್ಲಿ ಸಿಕ್ಕಿಕೊಂಡರೆ ನೀವು ಕೈ ಕಟ್ಟಿ ಕೂರಬೇಕು. ಡೀಜೆ ಲ್ಯಾಪ್‌ಟಾಪ್‌ನಲ್ಲಿ ಆ ಕೈ ಕಟ್ಟಿ ಕೂತ ಕ್ಷಣವೇ ಚಿಟ್ ಅನ್ನುವ ಸದ್ದು. ಟಾಸ್ಕ್ ಮ್ಯಾನೇಜರ್ ತೋರಿಸುವುದು ಸರಾಸರಿ. 172 ಸರದಿಯಲ್ಲಿ 171 ಸರಿಯಾಗಿ ಹೋಗಿ ಒಂದು ತಪ್ಪಿದರೆ ಸರಾಸರಿಯಲ್ಲಿ ಏನೂ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳುತ್ತದೆ.

ಬಡಿಸುವವನು ಎಲ್ಲಿ ಸಿಕ್ಕಿಕೊಳ್ಳುತ್ತಾನೆ? ಹೆಚ್ಚಾಗಿ ಡ್ರೈವರ್‌ಗಳಲ್ಲಿ, ಅಂದರೆ ಲ್ಯಾಪ್‌ಟಾಪ್‌ನ ಒಂದೊಂದು ಭಾಗವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್‌ಗಳಲ್ಲಿ. ವೈಫೈ, ಗ್ರಾಫಿಕ್ಸ್, ಬ್ಯಾಟರಿ ಇವುಗಳ ಡ್ರೈವರ್‌ಗಳಿಗೆ ವಿಂಡೋಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಮ್‌ಗಳಿಗಿಂತ ಮೇಲಿನ ಅಧಿಕಾರ ಇದೆ. ಅವು "ನನ್ನ ಕೆಲಸ ಮೊದಲು" ಅಂದರೆ ಪ್ರೊಸೆಸರ್ ಕೈಯಲ್ಲಿದ್ದದ್ದನ್ನು ಬಿಟ್ಟು ಅದನ್ನು ಮುಗಿಸಬೇಕು. ಹಾಡಿನ ಸಾಫ್ಟ್‌ವೇರ್ ಅಷ್ಟು ಹೊತ್ತು ಕಾಯಬೇಕು. ಈ ಕಾಯುವಿಕೆಯನ್ನು ಡಿಪಿಸಿ ಲೇಟೆನ್ಸಿ ಅನ್ನುತ್ತಾರೆ. ಅದನ್ನು ಅಳೆಯಲು ಲೇಟೆನ್ಸಿಮಾನ್ ಅಂತ ಒಂದು ಸಾಫ್ಟ್‌ವೇರ್ ಇದೆ. ಯಾವ ಡ್ರೈವರ್ ಎಷ್ಟು ಹೊತ್ತು ತಡೆಯಿತು ಅಂತ ಹೆಸರು ಹೇಳಿ ತೋರಿಸುತ್ತದೆ. ಸೆರಾಟೊ, ರೆಕಾರ್ಡ್‌ಬಾಕ್ಸ್, ಟ್ರ್ಯಾಕ್ಟರ್, ವರ್ಚುವಲ್ ಡೀಜೆ, ಯಾವ ಡೀಜೆ ಸಾಫ್ಟ್‌ವೇರ್ ಬಳಸಿದರೂ ಈ ಲೆಕ್ಕ ಎಲ್ಲಕ್ಕೂ ಒಂದೇ.

ನನ್ನ ಟೇಬಲ್ ಮೇಲೆ ಏನೂ ಸಿಗಲಿಲ್ಲ

ಮೊದಲು ಆ ಬೂಸ್ಟರ್ ಕಿತ್ತು ಹಾಕಿದೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಕಂಟ್ರೋಲರ್ ಜೋಡಿಸಿ, ಎರಡೂ ಡೆಕ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಒಂದೊಂದು ಹಾಡು ಓಡುವ ಜಾಗ) ಹಾಡು ಬಿಟ್ಟು, ಪಕ್ಕದಲ್ಲಿ ಲೇಟೆನ್ಸಿಮಾನ್ ಓಡಿಸಿದೆ. ಎರಡು ಗಂಟೆ ಆಯಿತು. ಒಂದು ಚಿಟ್ ಇಲ್ಲ. ಡ್ರೈವರ್ ತಡೆ ಅರ್ಧ ಮಿಲಿಸೆಕೆಂಡ್ ದಾಟಲೇ ಇಲ್ಲ. ಸಾಫ್ಟ್‌ವೇರ್ ಒಳಗೆ ಆಡಿಯೊ ಲೋಡ್ ತೋರಿಸುವ ಸಣ್ಣ ಮೀಟರ್ ಇರುತ್ತದೆ. ಅದು ಕಾಲು ಭಾಗದ ಹತ್ತಿರ ನಿಂತಿತ್ತು. ವೇಗ ಬದಲಿಸಿದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಹಾಕಿದೆ, ಎಫೆಕ್ಟ್ ಹಾಕಿದೆ, ಹಾಡುಗಾರನ ದನಿ ಬೇರೆ ಮಾಡುವ ಸ್ಟೆಮ್ಸ್ ಕೂಡ ಹಾಕಿದೆ. ಮೀಟರ್ ಏರಿತು, ಹಾಡು ಮಾತ್ರ ಕದಲಲಿಲ್ಲ.

ಇಲ್ಲಿಗೇ ಬಿಟ್ಟು "ಎಲ್ಲ ಸರಿ ಇದೆ, ತಗೊಂಡು ಹೋಗು" ಅನ್ನಬಹುದಿತ್ತು. ಬಹುಶಃ ಅವನು ಹೋದ ಕಡೆಯೆಲ್ಲ ಹಾಗೇ ಆಗಿರಬೇಕು. ಆದರೆ ಅವನು ಸುಳ್ಳು ಹೇಳುವ ಹುಡುಗ ಅಲ್ಲ. ನನ್ನ ಟೇಬಲ್‌ಗೂ ಛತ್ರಕ್ಕೂ ಏನೋ ವ್ಯತ್ಯಾಸ ಇದೆ, ಅದನ್ನು ಹುಡುಕಬೇಕು, ಅಷ್ಟೇ. "ಭಾನುವಾರ ಎಲ್ಲಿದೆ ಪ್ರೋಗ್ರಾಂ?" ಅಂದೆ. ಹರಿಹರದಲ್ಲೇ ಅಂದ. ನಾನೂ ಬರ್ತೀನಿ ಅಂದೆ.

ಛತ್ರದಲ್ಲಿ ಕಂಡದ್ದು

ಆರು ಗಂಟೆಗೆ ಹೋದಾಗ ಸಾಮಾನು ಇಳಿದಿತ್ತು. ಸ್ಟೇಜಿನ ಎಡಗಡೆ ಆ್ಯಂಪ್ ರ‍್ಯಾಕ್. ಅದಕ್ಕೆ ಹೊರಗಿನ ಜನರೇಟರ್ ಬೋರ್ಡಿನಿಂದ ಲೈನ್ ಎಳೆದಿದ್ದರು. ಡೀಜೆ ಟೇಬಲ್ ಬಲಗಡೆ. ಅದಕ್ಕೆ ಛತ್ರದ ಗೋಡೆಯ ಸಾಕೆಟ್. ಟೇಬಲ್ ಮೇಲೆ ಹೊಳೆಯುವ ಸ್ಯಾಟಿನ್ ಬಟ್ಟೆ, ಅದರ ಮೇಲೆ ನೇರ ಲ್ಯಾಪ್‌ಟಾಪ್. ಕಂಟ್ರೋಲರ್ ಒಂದು ಯುಎಸ್‌ಬಿ ಹಬ್‌ಗೆ ಸಿಕ್ಕಿಸಿತ್ತು. ಅದೇ ಹಬ್‌ನಲ್ಲಿ ಒಂದು ಎಲ್‌ಇಡಿ ದೀಪ, ಒಂದು ಪುಟ್ಟ ಫ್ಯಾನ್. ಹಬ್ ಕಂಡ ಕೂಡಲೇ ನನಗೆ ಇದೇ ಇರಬಹುದು ಅನ್ನಿಸಿತು. ತಪ್ಪು ಊಹೆ. ಅದೂ ಒಂದು ತೊಂದರೆಯೇ, ಆದರೆ ನಾವು ಹುಡುಕುತ್ತಿದ್ದದ್ದು ಅದಲ್ಲ.

ಅವನು ಕಂಟ್ರೋಲರ್‌ನಿಂದ ಹಾಡು ಒಯ್ಯುವ ಆರ್‌ಸಿಎ ಕೇಬಲ್ ಜೋಡಿಸಿ ಮಿಕ್ಸರ್‌ನಲ್ಲಿ ಫೇಡರ್ ಏರಿಸಿದ. ಸ್ಪೀಕರ್‌ಗಳಲ್ಲಿ "ಗುಂಯ್" ಅಂತ ಒಂದೇ ಸಮನೆ ಸದ್ದು. ಹುಡುಗ ನನ್ನ ಕಡೆ ನೋಡಲೂ ಇಲ್ಲ. ಕೈ ತಾನಾಗೇ ಲ್ಯಾಪ್‌ಟಾಪ್ ಹಿಂದೆ ಹೋಯಿತು. ಚಾರ್ಜರ್ ಪಿನ್ ಎಳೆದು ಬಟ್ಟೆಯ ಕೆಳಗೆ ತುರುಕಿದ. ಗುಂಯ್ ನಿಂತಿತು.

"ಏ, ಯಾಕೆ ತೆಗೆದೆ?" ಅಂದೆ.

"ಹಮ್ಮಿಂಗ್ ಬರುತ್ತಲ್ಲಣ್ಣ. ಚಾರ್ಜರ್ ತೆಗೆದ್ರೆ ಹೋಗುತ್ತೆ. ಯಾವಾಗ್ಲೂ ಹಿಂಗೇ ಮಾಡೋದು. ಬ್ಯಾಟರಿ ಎರಡೂವರೆ ಗಂಟೆ ಬರುತ್ತೆ, ಸಾಕು."

ಅಂಗಡಿಯಲ್ಲಿ ಎರಡು ದಿನ ಮಾತಾಡಿದ್ದರೂ ಈ ಮಾತು ಬಂದಿರಲಿಲ್ಲ. ಅವನಿಗೆ ಅದು ಹೇಳುವಂಥ ವಿಷಯವೇ ಅಲ್ಲ, ಕೆಲಸದ ಒಂದು ಭಾಗ. ಚಪ್ಪಲಿ ಬಿಟ್ಟು ಒಳಗೆ ಹೋದ ಹಾಗೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುವಾಗ ಹಮ್ಮಿಂಗ್ ಇಲ್ಲ, ಹಾಗಾಗಿ ಚಾರ್ಜರ್ ಸದಾ ಇರುತ್ತದೆ. ಛತ್ರದಲ್ಲಿ ಸದಾ ಇರುವುದಿಲ್ಲ.

ಅವತ್ತು ಅವನ ಪದ್ಧತಿಯಲ್ಲೇ ನಡೆಯಲಿ ಅಂತ ಬಿಟ್ಟೆ. ಅಪ್ಪನ ಫೋನಿನಲ್ಲಿ ಒಂದು ಗಂಟೆಯ ಹಾಡಿನ ಮಿಕ್ಸ್ ಹಾಕಿಸಿ, ಮಿಕ್ಸರ್‌ನ ಇನ್ನೊಂದು ಚಾನಲ್‌ಗೆ ಜೋಡಿಸಿ ಇಟ್ಟೆವು. ಎಂಟು ಐವತ್ತರ ಹೊತ್ತಿಗೆ ಪರದೆಯ ಮೂಲೆಯಲ್ಲಿ ಬ್ಯಾಟರಿ ಗುರುತು ಬದಲಾಯಿತು. ಬ್ಯಾಟರಿ ಕಡಿಮೆಯಾಯಿತು ಅಂತ ವಿಂಡೋಸ್ ತಾನಾಗೇ ಉಳಿತಾಯಕ್ಕೆ ಹೊರಳಿತ್ತು. ಆಡಿಯೊ ಲೋಡ್ ಮೀಟರ್ ಅರ್ಧ ದಾಟಿತು. ಎರಡು ನಿಮಿಷ ಆಗಿರಲಿಲ್ಲ, ಮೊದಲ ಚಿಟ್ ಕೇಳಿತು. ನಾನೇ ಚಾರ್ಜರ್ ಸಿಕ್ಕಿಸಿದೆ. ಗುಂಯ್ ಮತ್ತೆ ಬಂತು, ಹಾಡಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಚಿಟಚಿಟ ನಿಂತಿತು.

ಎರಡು ಸೇರಿದಾಗ ಮಾತ್ರ

ಮರುದಿನ ಅಂಗಡಿಯಲ್ಲಿ ಛತ್ರವನ್ನೇ ಮತ್ತೆ ಕಟ್ಟಿದೆ ಅನ್ನಿ. ಚಾರ್ಜರ್ ತೆಗೆದೆ, ಪರದೆಯ ಬೆಳಕು ಅವನು ಇಡುವಷ್ಟೇ ಇಟ್ಟೆ, ಬ್ಯಾಟರಿ ಉಳಿತಾಯ ಕೈಯಾರೆ ಹಾಕಿದೆ. ಮೀಟರ್ ಅರ್ಧ ದಾಟಿ 60ರ ಹತ್ತಿರ ಹೋಯಿತು. ಆದರೂ ಚಿಟ್ ಬರಲಿಲ್ಲ!

ಇನ್ನೂ ಏನೋ ವ್ಯತ್ಯಾಸ ಉಳಿದಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನನ್ನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ನನ್ನ ವೈಫೈಗೆ ಅಂಟಿಕೊಂಡಿದೆ. ಅವನ ಮನೆಯಲ್ಲೂ ಹಾಗೇ. ಛತ್ರದಲ್ಲಿ ವೈಫೈ ಆನ್ ಇದ್ದರೂ ಸೇರಿಕೊಳ್ಳಲು ಯಾವುದೂ ಇಲ್ಲ. ಆಗ ಅದು ಸುಮ್ಮನಿರುವುದಿಲ್ಲ. ಮತ್ತೆ ಮತ್ತೆ ಸುತ್ತಲೂ ಹುಡುಕುತ್ತದೆ. ರೂಟರ್ ಆಫ್ ಮಾಡಿ ಲೇಟೆನ್ಸಿಮಾನ್ ನೋಡಿದೆ. ಅದುವರೆಗೆ ಹಸಿರಾಗಿ ಮಲಗಿದ್ದ ಗೆರೆ ನಿಮಿಷಕ್ಕೊಮ್ಮೆ ಅನ್ನುವ ಹಾಗೆ ಮೇಲೆ ನೆಗೆಯತೊಡಗಿತು. ಡ್ರೈವರ್ ಪಟ್ಟಿಯಲ್ಲಿ ಮೇಲೆ ಕೂತದ್ದು ನೆಟ್‌ವರ್ಕ್ ಡ್ರೈವರ್. ಒಂದೊಂದು ನೆಗೆತ 3 ಮಿಲಿಸೆಕೆಂಡ್‌ವರೆಗೆ. ಸ್ಪೀಕರ್‌ನಲ್ಲಿ ಚಿಟ್.

ಈಗ ಲೆಕ್ಕ ಹಾಕಿ. ಕೈಯಲ್ಲಿರುವ ಸಮಯ 5.8 ಮಿಲಿಸೆಕೆಂಡ್. ಚಾರ್ಜರ್ ಇದ್ದಾಗ ಸಾಫ್ಟ್‌ವೇರ್‌ಗೆ ತನ್ನ ಕೆಲಸಕ್ಕೆ ಬೇಕಾದದ್ದು ಅದರ ಕಾಲು ಭಾಗ, ಸುಮಾರು 1.5. ವೈಫೈ 3 ತಿಂದರೂ ಒಟ್ಟು 4.5. ಸಮಯ ಉಳಿಯುತ್ತದೆ. ಬ್ಯಾಟರಿ ಉಳಿತಾಯದಲ್ಲಿ ಪ್ರೊಸೆಸರ್ ನಿಧಾನ, ಅದೇ ಕೆಲಸಕ್ಕೆ 3.5 ಬೇಕು. ಅದೊಂದೇ ಆದರೂ ನಡೆಯುತ್ತದೆ. ಎರಡೂ ಸೇರಿದರೆ 6.5. ಎಲೆ ಖಾಲಿ, ಬಡಿಸುವವನಿಲ್ಲ.

ಹಾಗಾಗಿಯೇ ಮನೆಯಲ್ಲಿ ಬರಲಿಲ್ಲ, ನನ್ನ ಟೇಬಲ್ ಮೇಲೆ ಬರಲಿಲ್ಲ, ಛತ್ರದಲ್ಲೂ ಮೊದಲ ಒಂದು ಗಂಟೆ ಬರಲಿಲ್ಲ. ರ‍್ಯಾಮ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅದಕ್ಕೆ ಹೋದ ದುಡ್ಡು ನೆನೆಸಿಕೊಂಡರೆ ನನಗೆ ಈಗಲೂ ಬೇಜಾರು.

ಮೊದಲು ಗುಂಯ್ ಅನ್ನುವ ಸದ್ದಿಗೆ ಮದ್ದು

ಚಾರ್ಜರ್ ತೆಗೆಯಬೇಡ ಅಂತ ಬರೀ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಅವನು ತೆಗೆಯುತ್ತಿದ್ದದ್ದಕ್ಕೆ ನಿಜವಾದ ಕಾರಣ ಇತ್ತು. ಆ ಕಾರಣವನ್ನೇ ಇಲ್ಲದ ಹಾಗೆ ಮಾಡಬೇಕು.

ಆ್ಯಂಪ್‌ಗೆ ಜನರೇಟರ್ ಬೋರ್ಡಿನ ಅರ್ಥಿಂಗ್. ಲ್ಯಾಪ್‌ಟಾಪ್ ಚಾರ್ಜರ್‌ಗೆ ಛತ್ರದ ಗೋಡೆಯ ಅರ್ಥಿಂಗ್. ಎರಡೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುವೆ ಇರುವ ಸಣ್ಣ ವ್ಯತ್ಯಾಸದಿಂದ ಕರೆಂಟ್ ಹರಿಯುತ್ತದೆ. ಹರಿಯುವ ದಾರಿ ಯಾವುದು? ಯುಎಸ್‌ಬಿ ಕೇಬಲ್, ಕಂಟ್ರೋಲರ್, ಆರ್‌ಸಿಎ ಕೇಬಲ್‌ನ ಹೊರಗವಚ. ನಮ್ಮ ಕರೆಂಟ್ 50 ಹರ್ಟ್ಜ್‌ನದು, ಅದೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಕೇಳುತ್ತದೆ. ಗ್ರೌಂಡ್ ಲೂಪ್ ಅಂದರೆ ಇದೇ. ಚಾರ್ಜರ್ ತೆಗೆದಾಗ ಆ ಸುತ್ತು ತುಂಡಾಗುತ್ತದೆ, ಸದ್ದು ಹೋಗುತ್ತದೆ.

ನಾವು ಮಾಡಿದ್ದು ಎರಡು ಕೆಲಸ. ಆ್ಯಂಪ್ ರ‍್ಯಾಕ್‌ನ ಬೋರ್ಡಿನಿಂದಲೇ ಒಂದು ಉದ್ದದ ಎಕ್ಸ್‌ಟೆನ್ಷನ್ ಎಳೆದು ಡೀಜೆ ಟೇಬಲ್‌ಗೆ ಕೊಟ್ಟೆವು. ಈಗ ಎರಡಕ್ಕೂ ಒಂದೇ ಅರ್ಥಿಂಗ್. ಗುಂಯ್ ಮುಕ್ಕಾಲು ಪಾಲು ಅಷ್ಟಕ್ಕೇ ಹೋಯಿತು. ಉಳಿದದ್ದಕ್ಕೆ ಒಂದು ಸ್ಟೀರಿಯೊ ಡಿಐ ಬಾಕ್ಸ್ ಬೇಕು ಅಂದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವಂಥದ್ದು. ಹಾಡು ಅದರ ಮೂಲಕ ದಾಟುತ್ತದೆ, ಆ ಕರೆಂಟ್ ದಾಟುವುದಿಲ್ಲ. ಎಷ್ಟಾಗುತ್ತೋ ಅಂತ ಹುಡುಗ ಲೆಕ್ಕ ಹಾಕುತ್ತಿದ್ದ. ಅವನ ಅಪ್ಪ ಗೋಡೌನ್‌ಗೆ ಹೋಗಿ ಧೂಳು ಹಿಡಿದ ಒಂದು ಪೆಟ್ಟಿಗೆ ತಂದರು. "ಆರ್ಕೆಸ್ಟ್ರಾದವರ ಕೀಬೋರ್ಡಿಗೆ ಹಾಕ್ತಿದ್ವಲ್ಲ ಸರ್, ಇದೇನಾ?" ಅದೇ. ಒರೆಸಿ ಜೋಡಿಸಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದೆವು. ಚಾರ್ಜರ್ ಹಾಕಿದ್ದರೂ ಸ್ಪೀಕರ್ ಪೂರಾ ಮೌನ.

ಒಂದು ಮಾತು ಇಲ್ಲಿ ಹೇಳಲೇಬೇಕು. ಹಮ್ಮಿಂಗ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲು. ಜನರೇಟರ್, ಒದ್ದೆ ನೆಲ, ಕಬ್ಬಿಣದ ಟ್ರಸ್ ಇರುವ ಜಾಗದಲ್ಲಿ ಅರ್ಥಿಂಗ್ ಇಲ್ಲದ ಸಾಮಾನು ಮುಟ್ಟುವುದು ತಮಾಷೆಯ ಮಾತಲ್ಲ. ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಬೇರೆ. ಅದು ಬಿಡಿಸುವುದು ಹಾಡಿನ ಕೇಬಲ್‌ನ ಕವಚವನ್ನು ಮಾತ್ರ, ಕರೆಂಟಿನ ಅರ್ಥಿಂಗನ್ನಲ್ಲ.

ಆಮೇಲೆ ಲ್ಯಾಪ್‌ಟಾಪ್

ವಿಂಡೋಸ್‌ನಲ್ಲಿ ಪವರ್ ಮೋಡ್ ಎರಡು ಕಡೆ ಇರುತ್ತದೆ. ಚಾರ್ಜರ್ ಇದ್ದಾಗಿನದು ಒಂದು, ಬ್ಯಾಟರಿಯಲ್ಲಿರುವಾಗಿನದು ಇನ್ನೊಂದು. ಬಹಳ ಜನ ಮೊದಲನೆಯದನ್ನು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ. ಎರಡನ್ನೂ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟೆ. ತಾನಾಗೇ ಉಳಿತಾಯಕ್ಕೆ ಹೊರಳುವುದನ್ನು ತೆಗೆದೆ. ನಮ್ಮ ಕಡೆ ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವೆ ಲ್ಯಾಪ್‌ಟಾಪ್ ಬ್ಯಾಟರಿಗೆ ಹೋಗೇ ಹೋಗುತ್ತದೆ ಅಲ್ವಾ? ಆ ಹೊತ್ತಿಗೆ ಇದು ಬೇಕು. ಆದರೂ ಬ್ಯಾಟರಿಯ ಮೇಲೆಯೇ ಇಡೀ ರಾತ್ರಿ ನಡೆಸುವ ಹಾಗಿಲ್ಲ. ಸೆಟ್ಟಿಂಗ್ ಏನೇ ಇರಲಿ, ಚಾರ್ಜರ್ ಇಲ್ಲದಾಗ ಪ್ರೊಸೆಸರ್‌ಗೆ ಸಿಗುವ ಪವರನ್ನು ಎಷ್ಟೋ ಲ್ಯಾಪ್‌ಟಾಪ್‌ಗಳು ಒಳಗಿಂದಲೇ ಕಡಿಮೆ ಮಾಡುತ್ತವೆ.

ವೈಫೈಗೆ ಲ್ಯಾಪ್‌ಟಾಪ್ ಕಂಪನಿಯ ಹೊಸ ಡ್ರೈವರ್ ಹಾಕಿದೆ. ನೆಗೆತ ಚಿಕ್ಕದಾಯಿತು, ಹೋಗಲಿಲ್ಲ. ಹಾಗಾಗಿ ಪ್ರೋಗ್ರಾಂಗೆ ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಡಿಸೇಬಲ್ ಮಾಡುವುದು, ಮನೆಗೆ ಬಂದ ಮೇಲೆ ಮತ್ತೆ ಹಾಕಿಕೊಳ್ಳುವುದು ಅಂತ ಕಲಿಸಿದೆ. ಫ್ಲೈಟ್ ಮೋಡ್ ಸಾಲದಾ ಅಂತ ಕೇಳಿದ. ಹಾಕಿ ಅಳೆದು ನೋಡಿದೆವು, ಈ ಲ್ಯಾಪ್‌ಟಾಪ್‌ಗೆ ಅದೂ ಸಾಕಾಯಿತು. ಆದರೆ ಕೈತಪ್ಪಿ ಒಂದು ಗುಂಡಿ ಒತ್ತಿದರೆ ಫ್ಲೈಟ್ ಮೋಡ್ ಹೋಗಿಬಿಡುತ್ತದೆ. ಕತ್ತಲಲ್ಲಿ, ಲೈಟ್ ಮಿಣಮಿಣ ಅನ್ನುವಾಗ ಅದೆಲ್ಲ ಆಗುವಂಥದ್ದೇ.

ಯುಎಸ್‌ಬಿ ಹಬ್ ತೆಗೆಸಿದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಕಂಟ್ರೋಲರ್, ದೀಪ, ಫ್ಯಾನ್ ಮೂರೂ ಅದನ್ನೇ ಹಂಚಿಕೊಂಡರೆ ಕಂಟ್ರೋಲರ್‌ಗೆ ಉಸಿರು ಕಟ್ಟುತ್ತದೆ. ಹಾಡು ಅರ್ಧ ಸೆಕೆಂಡ್ ಪೂರ್ತಿ ನಿಂತದ್ದು ಇದರಿಂದಲೇ ಅಂತ ನನ್ನ ಅನುಮಾನ. ಹಬ್ ಹೋದ ಮೇಲೆ ಅದು ಮತ್ತೆ ಬಂದಿಲ್ಲ. ಈಗ ಕಂಟ್ರೋಲರ್ ನೇರ ಲ್ಯಾಪ್‌ಟಾಪ್‌ಗೆ, ದೀಪ ಒಂದು ಪವರ್ ಬ್ಯಾಂಕ್‌ಗೆ, ಫ್ಯಾನ್ ಮನೆಯಲ್ಲಿ. ಜೊತೆಗೆ ಪವರ್ ಆಪ್ಷನ್ಸ್‌ನಲ್ಲಿ ಪವರ್ ಉಳಿಸಲು ಯುಎಸ್‌ಬಿ ಸಾಮಾನನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ಗೂ ಪವರ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದೆ.

ಸ್ಯಾಟಿನ್ ಬಟ್ಟೆಯ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪ್ ಗಾಳಿ ಎಳೆಯುವುದು ಅಡಿಯಿಂದ. ನುಣುಪು ಬಟ್ಟೆ ಆ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಏಪ್ರಿಲ್ ಸೆಕೆಯಲ್ಲಿ ಪ್ರೊಸೆಸರ್ ವಿಪರೀತ ಕಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಅಡಿ ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಗಳ ನಡುವೆ ಧೂಳಿನ ಜೊತೆ ಮದುವೆಮನೆಯ ಬಣ್ಣದ ಕಾಗದದ ಚೂರು, ಮಿನುಗು ಪುಡಿ. ಬ್ರಷ್ ಹಾಕಿ ತೆಗೆದು, ಥರ್ಮಲ್ ಪೇಸ್ಟ್ ಹೊಸದು ಹಚ್ಚಿದೆ. ಮಡಚುವ ಕಬ್ಬಿಣದ ಸ್ಟ್ಯಾಂಡ್ ಒಂದನ್ನು ಅವನೇ ತಂದುಕೊಂಡ.

ಬಫರ್ ಅನ್ನು 256ರಿಂದ 512ಕ್ಕೆ ಏರಿಸಿದೆ. ಈಗ ಕೈಯಲ್ಲಿ 11.6 ಮಿಲಿಸೆಕೆಂಡ್. ಮೊದಲೇ ಇದೊಂದನ್ನೇ ಮಾಡಿದ್ದರೆ ಚಿಟಚಿಟ ಮರೆಯಾಗುತ್ತಿತ್ತು, ಕಾರಣ ಹಾಗೇ ಉಳಿಯುತ್ತಿತ್ತು. ಇನ್ನೊಂದು ಸೆಕೆಯ ರಾತ್ರಿ ಮತ್ತೆ ಬರುತ್ತಿತ್ತು. ಅದಕ್ಕೇ ಕೊನೆಗೆ ಇಟ್ಟುಕೊಂಡೆ. 1024 ಹಾಕಿದರೆ ಇನ್ನೂ ಭದ್ರ ಅಲ್ವಾ ಅಂದ. ಹಾಕಿ ಕೊಟ್ಟೆ. ಜಾಗ್ ವೀಲ್ ತಿರುಗಿಸಿ ಸ್ಕ್ರ್ಯಾಚ್ ಮಾಡಿದ. ಮುಖ ಸೊಟ್ಟಗಾಯಿತು. 23 ಮಿಲಿಸೆಕೆಂಡ್ ಅಂದರೆ ಹೇಳಲು ಚಿಕ್ಕದು, ಕೈಗೆ ಗೊತ್ತಾಗುತ್ತದೆ. 512ಕ್ಕೆ ನಿಲ್ಲಿಸಿದೆವು.

ಹಾಡುಗಳ ಕೆಲಸ ಅವನೇ ಮಾಡಿದ. ಹೊಸ ಹಾಡು ಮೊದಲ ಸಲ ಡೆಕ್‌ಗೆ ಹಾಕಿದಾಗ ಸಾಫ್ಟ್‌ವೇರ್ ಅದರ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಕೀ (ಶ್ರುತಿ), ಅಲೆಯ ಚಿತ್ರ ಎಲ್ಲ ಲೆಕ್ಕ ಹಾಕುತ್ತದೆ. ಕುಣಿತ ಜೋರಾಗಿರುವಾಗ ಅದು ಬೇಡದ ಹೊರೆ. ಇಡೀ ಸಂಗ್ರಹವನ್ನು ಒಂದು ರಾತ್ರಿ ಅನಲೈಸ್‌ಗೆ ಬಿಟ್ಟು ಮಲಗಿದ. ಬೆಳಗ್ಗೆ ನೋಡಿದರೆ ಕೆಲವು ಎಂಪಿ3 ಫೈಲುಗಳೇ ಹಾಳಾಗಿದ್ದವು, ಅವನ್ನು ಅಳಿಸಿದ. ಸ್ಟೆಮ್ಸ್ ಬೇಕಾಗುವ ಹಾಡುಗಳಿಗೂ ಮೊದಲೇ ತಯಾರಿ ಮಾಡಿಟ್ಟುಕೊಂಡ.

ವಿಂಡೋಸ್‌ನ ಡೀಫಾಲ್ಟ್ ಸದ್ದನ್ನು ಲ್ಯಾಪ್‌ಟಾಪ್‌ನ ಸ್ವಂತ ಸ್ಪೀಕರ್‌ಗೇ ಬಿಟ್ಟೆ. ಇಲ್ಲದಿದ್ದರೆ ಯಾವುದಾದರೂ ನೋಟಿಫಿಕೇಶನ್ ಟಿಂಗ್ ಅಂತ ಇಡೀ ಛತ್ರಕ್ಕೆ ಕೇಳುತ್ತದೆ.

ಬೇಡ ಅಂದದ್ದು

ವಿಂಡೋಸ್ ಅಪ್‌ಡೇಟ್ ಶಾಶ್ವತವಾಗಿ ನಿಲ್ಲಿಸಿಬಿಡಿ ಅಂದ. ಒಪ್ಪಲಿಲ್ಲ. ಮದುವೆ ಇರುವ ವಾರ ತಾತ್ಕಾಲಿಕವಾಗಿ ನಿಲ್ಲಿಸಿಡು, ಮುಗಿದ ಮೇಲೆ ಹಾಕಿಕೊಂಡು ಒಂದು ಗಂಟೆ ಓಡಿಸಿ ನೋಡು ಅಂದೆ. ಆ್ಯಂಟಿವೈರಸ್ ಕೂಡ ತೆಗೆಯಲಿಲ್ಲ. ಪೆನ್‌ಡ್ರೈವ್, ವಾಟ್ಸ್ಆ್ಯಪ್‌ನಿಂದ ಹಾಡು ತೆಗೆದುಕೊಳ್ಳುವ ಲ್ಯಾಪ್‌ಟಾಪ್ ಇದು, ಕಾವಲು ಬೇಕೇ ಬೇಕು. ಪೂರ್ತಿ ಸ್ಕ್ಯಾನ್ ಮಾತ್ರ ಬೆಳಗಿನ ಹೊತ್ತು ಆಗುವ ಹಾಗೆ ಇಟ್ಟೆ. ಬ್ಯಾಟರಿಯ ಡ್ರೈವರನ್ನೇ ಡಿಸೇಬಲ್ ಮಾಡುವ ಒಂದು ಉಪಾಯವೂ ಇದೆ. ಅದರಿಂದ ಡಿಪಿಸಿ ತಡೆ ಕೆಲವೊಮ್ಮೆ ಇಳಿಯುತ್ತದೆ ನಿಜ. ಆದರೆ ಚಾರ್ಜ್ ಎಷ್ಟಿದೆ ಅಂತಲೇ ಕಾಣುವುದಿಲ್ಲ. ಚಾರ್ಜರ್ ಪಿನ್ ಸಡಿಲವಾದರೂ ಗೊತ್ತಾಗದೆ ಪ್ರೋಗ್ರಾಂ ನಡುವೆ ಲ್ಯಾಪ್‌ಟಾಪ್ ಆರಿಹೋದರೆ ಯಾರಿಗೆ ಲಾಭ? ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ತಿದ್ದುವ ಗೋಜಿಗೂ ಹೋಗಲಿಲ್ಲ. ಅಳತೆಯಲ್ಲಿ ಕಾಣದ ತೊಂದರೆಗೆ ಔಷಧ ಹಾಕುವುದು ನನಗೆ ಒಗ್ಗದ ಕೆಲಸ.

ಆಮೇಲೆ ಏನಾಯಿತು

ಎಲ್ಲ ಆದ ಮೇಲೆ ಅಂಗಡಿಯಲ್ಲೇ ಮೂರು ಗಂಟೆ ಓಡಿಸಿದೆ. ರೂಟರ್ ಆಫ್. ನಡುನಡುವೆ ಬೇಕಂತಲೇ ಚಾರ್ಜರ್ ಕಿತ್ತು ಮತ್ತೆ ಹಾಕಿದೆ. ಒಂದು ಚಿಟ್ ಇಲ್ಲ. ಆಡಿಯೊ ಲೋಡ್ ಮೀಟರ್ ಅರ್ಧ ಮುಟ್ಟಲೇ ಇಲ್ಲ.

ಮೇ ತಿಂಗಳಲ್ಲಿ ಅವನಿಗೆ ಐದು ರಿಸೆಪ್ಷನ್. ಪ್ರತಿ ಸಲ ಮುಗಿದ ಮೇಲೆ ಫೋನ್ ಮಾಡಿದ. ಮೊದಲ ಮೂರಕ್ಕೆ ಒಂದೇ ಮಾತು: "ಏನೂ ಆಗ್ಲಿಲ್ಲಣ್ಣ." ನಾಲ್ಕನೆಯದರಲ್ಲಿ ಕರೆಂಟ್ ಎರಡು ಸಲ ಹೋಯಿತಂತೆ. ಸ್ಪೀಕರ್ ನಿಂತವು, ಲ್ಯಾಪ್‌ಟಾಪ್‌ನಲ್ಲಿ ಹಾಡು ಓಡುತ್ತಲೇ ಇತ್ತು, ಜನರೇಟರ್ ಹತ್ತಿದ ಕೂಡಲೇ ಅದೇ ಹಾಡಿನ ಮಧ್ಯದಿಂದ ಕುಣಿತ ಮುಂದುವರಿಯಿತು. ಐದನೆಯದರಲ್ಲಿ ಒಂದು ಚಿಟ್ ಕೇಳಿತು. ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ವೈಫೈ ಡಿಸೇಬಲ್ ಮಾಡಿದ್ಯಾ ಅಂತ ಕೇಳಿದೆ. ಎರಡು ಕ್ಷಣ ಸದ್ದಿಲ್ಲ. "ಅಯ್ಯೋ, ಇಲ್ಲಣ್ಣ." ಬಫರ್ ದೊಡ್ಡದಾಗಿದ್ದರಿಂದ ಇಡೀ ರಾತ್ರಿಗೆ ಒಂದೇ ಚಿಟ್‌ನಲ್ಲಿ ಪಾರಾಗಿದ್ದ. ಈಗ ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿಕೊಂಡಿದ್ದಾನೆ. ಪೆಟ್ಟಿಗೆ ತೆರೆದ ಕೂಡಲೇ ಕಾಣುವ ಹಾಗೆ ಮೂರು ಸಾಲು: ಒಂದೇ ಬೋರ್ಡ್, ಚಾರ್ಜರ್ ಹಾಕು, ವೈಫೈ ತೆಗಿ.

ಒಂದು ಕೆಲಸ ಬಾಕಿ ಇದೆ. ಬ್ಯಾಟರಿ ಹಳೆಯದಾಗಿದೆ, ಚಾರ್ಜರ್ ತೆಗೆದರೆ ಎರಡು ಗಂಟೆ ದಾಟುವುದೂ ಕಷ್ಟ. ಬದಲಿಸಬೇಕು. ಈಗ ಸೀಸನ್, ಲ್ಯಾಪ್‌ಟಾಪ್ ಒಂದು ದಿನ ಬಿಟ್ಟಿರಲು ಆಗುವುದಿಲ್ಲ ಅಂದ. ಆಷಾಢ ಬರಲಿ, ಆಗ ಮದುವೆ ಇರಲ್ಲ, ತಂದುಕೊಡು ಅಂತ ಹೇಳಿದ್ದೇನೆ.